ಪರದೆಯ ಬಣ್ಣ ಬದಲಿಸಿದವರು ಯಾರು?

ಡಿ.ವಿ.ಜಿ. ರಸ್ತೆಯಲ್ಲಿ ಹಗಲು ಹೊತ್ತು ಒಂದು ಸುತ್ತು ಹಾಕಿದರೆ, ಯಾವುದಾದರೊಂದು ಮ್ಯಾಚಿಂಗ್ ಸೆಂಟರಿನ ಮುಂದೆ ಈ ನೋಟ ಸಿಕ್ಕೇ ಸಿಗುತ್ತದೆ. ಒಂದು ಕೈಯಲ್ಲಿ ಸೀರೆಯ ಸೆರಗು, ಇನ್ನೊಂದು ಕೈಯಲ್ಲಿ ರವಿಕೆ ಕಣ ಹಿಡಿದುಕೊಂಡು ಹೆಂಗಸರು ಅಂಗಡಿಯಿಂದ ಫುಟ್‌ಪಾತಿಗೆ ಬಂದು ನಿಲ್ಲುತ್ತಾರೆ. ಅಂಗಡಿಯ ಹುಡುಗ ಒಳಗಿನಿಂದ "ಅಮ್ಮಾ, ಕರೆಕ್ಟ್ ಮ್ಯಾಚ್ ಅದು" ಎನ್ನುತ್ತಲೇ ಇರುತ್ತಾನೆ. ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡ ನೇರಳೆ, ಬಿಸಿಲಿಗೆ ಬಂದೊಡನೆ ಎರಡು ನೇರಳೆ ಆಗಿಬಿಡುವುದು ಅವರಿಗೆ ಗೊತ್ತು.

ಬಟ್ಟೆಗೆ ತನ್ನದೇ ಆದ ಬಣ್ಣ ಎಂಬುದು ಅರ್ಧ ಮಾತ್ರ ನಿಜ. ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪವನ್ನು ಅದು ನುಂಗಿ, ಮಿಕ್ಕದ್ದನ್ನು ನಮ್ಮ ಕಣ್ಣಿಗೆ ಕಳಿಸುತ್ತದೆ. ಬೆಳಕಿನಲ್ಲೇ ಇಲ್ಲದ್ದನ್ನು ಬಟ್ಟೆ ಎಲ್ಲಿಂದ ತಂದು ಕಳಿಸೀತು? ಟ್ಯೂಬ್‌ಲೈಟಿನಲ್ಲಿ ಕೆಲವು ಬಣ್ಣಗಳು ಹೆಚ್ಚು, ಕೆಲವು ಕಡಿಮೆ. ಹಗಲಿನ ಬೆಳಕಿನಲ್ಲಿ ಕಾಮನಬಿಲ್ಲಿನ ಅಷ್ಟೂ ಬಣ್ಣ ಉಂಟು. ಆದ್ದರಿಂದಲೇ ಸೀರೆಗೆ ಬೀದಿಯೇ ನ್ಯಾಯಾಲಯ.

ಈ ಬೀದಿಬದಿಯ ವಿದ್ಯೆ ಕಂಪ್ಯೂಟರಿನ ಪರದೆಗೂ ಬೇಕಾಗುತ್ತದೆ ಎಂಬುದನ್ನು ಹೇಳುವುದಕ್ಕೇ ಈ ಲೇಖನ. ನಮ್ಮ ಎನ್.ಆರ್. ಕಾಲೋನಿಯ ಮನೆಯಲ್ಲಿ ಕಂಪ್ಯೂಟರ್ ಒಂದು, ಮೊಮ್ಮಕ್ಕಳು ಇಬ್ಬರು. ದೊಡ್ಡವಳು ಚಿತ್ರಕಲೆ ಓದುತ್ತಿದ್ದಾಳೆ, ಕಂಪ್ಯೂಟರಿನಲ್ಲೇ ಬಣ್ಣ ಹಚ್ಚುತ್ತಾಳೆ. ಚಿಕ್ಕವನು ಒಂಬತ್ತನೆಯ ತರಗತಿ. ಓದು ಮುಗಿದ ಮೇಲೆ ಒಂದು ಗಂಟೆ ಕಾರ್ ರೇಸ್, ಅದೂ ಪರದೆ ತುಂಬ. ಮನೆಯಲ್ಲಿ ಎಲ್ಲರೂ ಒಪ್ಪಿದ ಏರ್ಪಾಟು.

ಮೊಮ್ಮಗಳು ಒಂದು ಸ್ಪರ್ಧೆಗೆ ಕಡಲೆಕಾಯಿ ಪರಿಷೆಯ ಚಿತ್ರ ಬರೆದಿದ್ದಳು. ಬುಲ್ ಟೆಂಪಲ್ ರಸ್ತೆ, ರಾಶಿ ರಾಶಿ ಕಡಲೆಕಾಯಿ, ಸೇರಿನಲ್ಲಿ ಅಳೆಯುತ್ತಿರುವ ಅಜ್ಜಿ. ಮೂರು ವಾರದ ಕೆಲಸ. ಕೊಡುವುದಕ್ಕೆ ಎರಡು ದಿನ ಉಳಿದಿರುವಾಗ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ತಂದಳು. ನೋಡಿದರೆ ಅಜ್ಜಿಗೆ ಕಾಮಾಲೆ! ಮುಖ, ಕೈ, ಕಡಲೆಕಾಯಿ, ಬಸವನ ಗುಡಿಯ ಗೋಪುರ, ಎಲ್ಲದರ ಮೇಲೂ ಅರಿಸಿನ ಚೆಲ್ಲಿದ ಹಾಗೆ. ಪ್ರಿಂಟಿನವರು "ನಿಮ್ಮ ಫೈಲಿನಲ್ಲಿ ಇದ್ದದ್ದೇ ಬಂದಿದೆ" ಅಂದರಂತೆ. ಮನೆಗೆ ಬಂದು ಪರದೆ ನೋಡಿದವಳು ಸೀದಾ ತಮ್ಮನ ಕಡೆ ತಿರುಗಿದಳು. "ನೀನು ಗೇಮ್ ಆಡಿದ ಮೇಲೆ ಪರದೆ ನೀಲಿಗೆ ತಿರುಗುತ್ತೆ. ಏನೋ ಒತ್ತುತ್ತೀಯ ನೀನು." ಅವನದು ಒಂದೇ ಮಾತು. "ತಾತ, ನಾನು ಏನೂ ಮುಟ್ಟಿಲ್ಲ ತಾತ. ಬೇಕಾದರೆ ದೇವರ ಮೇಲೆ ಆಣೆ ಇಡ್ತೀನಿ."

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಆಣೆಗಿಂತ ವೋಚರ್ ಮೇಲೆ ನಂಬಿಕೆ ಜಾಸ್ತಿ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಲಮು ಮಾಡಿದೆ: ವೇಳೆ, ಯಾರು ಕೂತಿದ್ದರು, ಏನು ಓಡುತ್ತಿತ್ತು, ಪರದೆ ಹೇಗೆ ಕಂಡಿತು. ಪರದೆ ನೋಡುವುದಕ್ಕೆ ಮೊಮ್ಮಗಳೇ ಒಂದು ಪಟ್ಟಿ ಮಾಡಿಕೊಟ್ಟಳು. ಕಪ್ಪಿನಿಂದ ಬಿಳುಪಿನವರೆಗೆ 16 ಮೆಟ್ಟಿಲಿನ ಬೂದುಬಣ್ಣದ ಪಟ್ಟಿ. ಬಣ್ಣದ ಚಿತ್ರ ಯಾಕೆ ಬೇಡ, ಬೂದಿಯೇ ಯಾಕೆ ಎಂದರೆ, ಕೆಂಪು ಸ್ವಲ್ಪ ಆಚೀಚೆ ಆದರೆ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಬೂದಿಯಲ್ಲಿ ಒಂದಿಷ್ಟು ನೀಲಿ ಸೇರಿದರೂ ತಟ್ಟನೆ ಗೊತ್ತಾಗುತ್ತದೆ. ಮಾನಿಟರಿನ ಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿದ್ದ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕೆಂಪು, ಹಸಿರು, ನೀಲಿ ಅಂಕಿಗಳನ್ನೂ ಬರೆದಿಟ್ಟುಕೊಂಡೆ.

ಐದು ದಿನದ ಲೆಕ್ಕ ಹೀಗಿತ್ತು. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಪಟ್ಟಿ ಅಚ್ಚ ಬೂದಿ. ಹುಡುಗ ಕ್ರಿಕೆಟ್ ಗೇಮನ್ನು ಸಣ್ಣ ಕಿಟಕಿಯಲ್ಲಿ ಆಡಿದ ದಿನ ಸಂಜೆಯೂ ಬೂದಿ. ಪರದೆ ತುಂಬ ಕಾರ್ ರೇಸ್ ಆಡಿದ ದಿನಗಳಲ್ಲಿ ಆಟ ಮುಗಿದ ಮೇಲೆ ಪಟ್ಟಿಗೆ ನೀಲಿಯ ಛಾಯೆ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದರೆ ಪುನಃ ಬೂದಿ. ಮಾನಿಟರಿನ ಅಂಕಿಗಳು ಮಾತ್ರ ಒಂದು ದಿನವೂ ಒಂದು ಅಂಕಿಯೂ ಕದಲಿರಲಿಲ್ಲ. ಅಂದಮೇಲೆ ಹುಡುಗ ಯಾವ ಗುಂಡಿಯನ್ನೂ ಒತ್ತಿಲ್ಲ. ಬದಲಾವಣೆ ಆಗುತ್ತಿದ್ದದ್ದು ಕಂಪ್ಯೂಟರಿನ ಒಳಗೆ, ಬಣ್ಣ ಹೊರಟು ಮಾನಿಟರ್ ಸೇರುವ ದಾರಿಯಲ್ಲಿ.

ಆ ದಾರಿಯಲ್ಲಿ ಏನಿದೆ ಎಂದು ಮಕ್ಕಳಿಗೆ ಹೇಳಬೇಕು. ಪರದೆಯ ಮೇಲೆ ಒಂದು ಹನಿ ನೀರು ಬಿದ್ದರೆ ಅದರ ಅಡಿಯಲ್ಲಿ ಕೆಂಪು, ಹಸಿರು, ನೀಲಿ ಚುಕ್ಕಿಗಳು ದಪ್ಪಗೆ ಕಾಣುತ್ತವೆ. (ಬೇಕೆಂದೇ ನೀರು ಹಾಕಬೇಡಿ, ಭೂತಕನ್ನಡಿ ಹಿಡಿದರೆ ಸಾಕು.) ಈ ಮೂರೇ ಬಣ್ಣ, ಒಂದೊಂದಕ್ಕೂ 0ಯಿಂದ 255ರ ತನಕ 256 ಹಂತ. ಮೂರನ್ನೂ ಗುಣಿಸಿ ನೋಡಿ: 1,67,77,216 ಬಣ್ಣ. ಮೂರೂ ಸಮವಾಗಿದ್ದರೆ ಬೂದಿ, ಮೂರೂ 255 ಆದರೆ ಬಿಳುಪು.

ಆದರೆ ಎಲ್ಲ ಪರದೆಗಳೂ ಒಂದೇ ಎರಕದವಲ್ಲ. 200 ಕೆಂಪು, 200 ಹಸಿರು, 200 ನೀಲಿ ಕಳಿಸಿದರೆ ಒಂದು ಪರದೆ ಬೂದಿ ತೋರಿಸುತ್ತದೆ, ಇನ್ನೊಂದು ನೀಲಿಯ ಕಡೆ ವಾಲುತ್ತದೆ. ಹೊಸ ಪರದೆಗಳು ಎಷ್ಟೋ ಸಲ ನೀಲಿಯ ಕಡೆಗೇ ಇರುತ್ತವೆ. ಇದರ ಗುಟ್ಟು ಅಜ್ಜಿಯರಿಗೆ ಗೊತ್ತು: ಬಿಳಿ ಪಂಚೆ ಒಗೆದ ಮೇಲೆ ಕೊನೆಯ ನೀರಿಗೆ ನಾಲ್ಕು ಹನಿ ನೀಲಿ ಹಾಕುತ್ತಿದ್ದದ್ದು ಯಾಕೆ? ಹಳದಿ ಮುಚ್ಚಿಹೋಗಿ ಪಂಚೆ ಇನ್ನೂ ಬೆಳ್ಳಗೆ ಕಾಣಲೆಂದು. ಅಂಗಡಿಯ ಸಾಲಿನಲ್ಲಿ ನಿಂತ ಪರದೆಗೂ ಅದೇ ನೀಲಿ.

ಇದನ್ನು ಸರಿಪಡಿಸುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ತಕ್ಕಡಿಗೆ ಮುದ್ರೆ ಹಾಕಿಸುವ ಹಾಗೆ. ಮೌಸಿನಷ್ಟೇ ಗಾತ್ರದ ಒಂದು ಅಳೆಯುವ ಉಪಕರಣವನ್ನು ಪರದೆಯ ಮೇಲೆ ತೂಗುಬಿಟ್ಟರೆ ಅದು ಬಣ್ಣಗಳನ್ನು ಒಂದೊಂದಾಗಿ ಅಳೆದು, ಎಲ್ಲಿ ಎಷ್ಟು ತಪ್ಪುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಮೊಮ್ಮಗಳು ಫೋಟೋ ತೆಗೆಯುವ ಗೆಳತಿಯಿಂದ ಅದನ್ನು ಎರವಲು ತಂದು ಮಾಡಿಸಿದ್ದಳು. ಲೆಕ್ಕದ ಫಲಿತಾಂಶ ಒಂದು ಕೋಷ್ಟಕ. ಅದು ಹೋಗಿ ಕೂರುವುದು ಗ್ರಾಫಿಕ್ಸ್ ಕಾರ್ಡ್ ಎಂಬ ಭಾಗದಲ್ಲಿ.

ಈ ಕೋಷ್ಟಕ ನನಗೆ ಬಹಳ ಪರಿಚಯದ ವಸ್ತು. ಬ್ಯಾಂಕಿಗೆ ಕಂಪ್ಯೂಟರ್ ಬರುವ ಮುಂಚೆ ಬಡ್ಡಿ ಲೆಕ್ಕಕ್ಕೆ ರೆಡಿ ರೆಕನರ್ ಎಂಬ ಪುಸ್ತಕ ಇರುತ್ತಿತ್ತು. ಇಷ್ಟು ಅಸಲು, ಇಷ್ಟು ದಿನ, ಇಷ್ಟು ದರ ಎಂದರೆ ಬೆರಳಿಟ್ಟು ಸಾಲು ಹುಡುಕಿ ಬಡ್ಡಿ ಬರೆದುಕೊಳ್ಳುವುದು. ಗುಣಾಕಾರ ಮಾಡುತ್ತ ಕೂರುವ ಹಾಗಿರಲಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಇರುವುದೂ ಅಂಥದೇ ರೆಕನರ್. ಮೂರು ಕಲಮು, ಒಂದೊಂದರಲ್ಲೂ 256 ಸಾಲು ಎಂದು ಇಟ್ಟುಕೊಳ್ಳಿ. ನೀಲಿ 200 ಬಂತೇ, ಆ ಸಾಲು ನೋಡು, ಅಲ್ಲಿ 186 ಎಂದು ಬರೆದಿದೆಯೇ, ಮಾನಿಟರಿಗೆ 186 ಕಳಿಸು. ಪರದೆಯ ನೀಲಿ ಚಪಲ ಅಲ್ಲಿಗೆ ಸರಿಹೋಯಿತು. ನಾವು ಕಂಪ್ಯೂಟರಿಗೆ ಸೈನ್ ಇನ್ ಆದಾಗ ಈ ರೆಕನರ್ ತಾನಾಗಿ ಅಲ್ಲಿ ಬಂದು ಕೂರುತ್ತದೆ. ಬೆಳಿಗ್ಗೆ ಪಟ್ಟಿ ಅಚ್ಚ ಬೂದಿಯಾಗಿ ಕಂಡದ್ದು ಅದಕ್ಕೇ.

ಗೇಮು ಪರದೆ ತುಂಬ ಓಡುವಾಗ, ಅದರಲ್ಲೂ ಸ್ವಲ್ಪ ಹಳೆಯ ಕಾಲದ ಗೇಮು, ಪರದೆ ಪೂರ್ತಿ ತನ್ನ ವಶ ಎಂದು ತಿಳಿಯುತ್ತದೆ. ಅದರ ಸೆಟ್ಟಿಂಗಿನಲ್ಲಿ ಬ್ರೈಟ್‌ನೆಸ್ ಅಥವಾ ಗಾಮಾ ಎಂಬ ಒಂದು ಜಾರುಪಟ್ಟಿ ಇರುತ್ತದಲ್ಲ, ಅದು ಕೆಲಸ ಮಾಡುವುದು ಇದೇ ರೆಕನರನ್ನು ಬದಲಿಸಿ. ರಜೆ ಹೋದವರ ಕೌಂಟರಿಗೆ ಬಂದ ಬದಲಿ ಗುಮಾಸ್ತ ಮೇಜಿನ ಮೇಲಿದ್ದ ಪುಸ್ತಕ ಎತ್ತಿಟ್ಟು ತನ್ನದನ್ನು ಇಟ್ಟುಕೊಂಡ ಹಾಗೆ. ಸಂಜೆ ಹೋಗುವಾಗ ಮೊದಲಿನದನ್ನು ಇದ್ದ ಕಡೆ ಇಟ್ಟರೆ ಸರಿ. ಕೆಲವು ಗೇಮುಗಳು ಇಡುತ್ತವೆ. ಕೆಲವು 200ಕ್ಕೆ 200 ಎಂದೇ ಬರೆದಿರುವ ಖಾಲಿ ರೆಕನರ್ ಇಟ್ಟು ಹೊರಟುಹೋಗುತ್ತವೆ. ತಿದ್ದುಪಡಿ ಹೋಯಿತು, ಪರದೆ ತನ್ನ ಹುಟ್ಟುಗುಣದ ನೀಲಿಗೆ ಹಿಂತಿರುಗಿತು.

ಇನ್ನು ಅಜ್ಜಿಯ ಕಾಮಾಲೆ. ಸಂಜೆ ತಮ್ಮನ ಆಟ ಮುಗಿದ ಮೇಲೆ ಅಕ್ಕ ಕೂತಳು. ಪರದೆ ನೀಲಿಗೆ ತಿರುಗಿತ್ತು, ಅಜ್ಜಿಯ ಮುಖ ತಣ್ಣಗೆ, ಸತ್ವವಿಲ್ಲದೆ ಕಂಡಿತು. ಸರಿ ಎಂದು ಒಂದಿಷ್ಟು ಹಳದಿ ಸೇರಿಸಿದಳು. ಮರುದಿನ ಇನ್ನಷ್ಟು. ನೀಲಿ ಇದ್ದದ್ದು ಪರದೆಯಲ್ಲಿ, ಹಳದಿ ಸೇರಿದ್ದು ಚಿತ್ರದಲ್ಲಿ. ಪ್ರಿಂಟಿಗೆ ಹೋದಾಗ ಪರದೆ ಮನೆಯಲ್ಲೇ ಉಳಿಯಿತು, ಹಳದಿ ಮಾತ್ರ ಜೊತೆಗೆ ಹೋಯಿತು. ಕಾರಣ ತಿಳಿದ ಸಂಜೆ ಅಕ್ಕ ತಮ್ಮನಿಗೆ ಸಾರಿ ಹೇಳಿದಳೋ ಇಲ್ಲವೋ ನನ್ನ ಕಿವಿಗೆ ಬೀಳಲಿಲ್ಲ. ಇಬ್ಬರೂ ಗಾಂಧಿ ಬಜಾರಿಗೆ ಹೋಗಿ ಮಸಾಲೆ ದೋಸೆ ತಿಂದುಬಂದರು, ದುಡ್ಡು ಅವಳದು. ಸ್ಪರ್ಧೆಯ ಕೊನೆಯ ದಿನ ಅಷ್ಟರೊಳಗೆ ದಾಟಿಹೋಗಿತ್ತು.

ಇಂಥ ಜಗಳ ನಿಮ್ಮ ಮನೆಯಲ್ಲೂ ಆಗುತ್ತಿದ್ದರೆ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ತಿದ್ದುಪಡಿಯ ಹೆಚ್ಚಿನ ಪಾಲನ್ನು ಮಾನಿಟರಿನ ಗುಂಡಿಗಳಲ್ಲೇ ಮಾಡಿ ಮುಗಿಸುವುದು. ಮಾನಿಟರಿನ ಪಟ್ಟಿಯಲ್ಲಿ ಕಲರ್ ಟೆಂಪರೇಚರ್ ಎಂದಿರುತ್ತದೆ, ಅದರಲ್ಲಿ 6500 ಆರಿಸಿ. ಹಗಲ ಬೆಳಕಿಗೆ ಹತ್ತಿರದ ಬಿಳುಪು ಅದು. ಯೂಸರ್ ಎಂಬ ಆಯ್ಕೆ ಇದ್ದರೆ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಅಲ್ಲಿ ಮಾಡಿದ್ದನ್ನು ಯಾವ ಗೇಮೂ ಅಳಿಸಲಾರದು, ಯಾಕೆಂದರೆ ಅದು ಕಂಪ್ಯೂಟರಿನ ಆಚೆ, ಮಾನಿಟರಿನ ಹೊಟ್ಟೆಯೊಳಗೆ ಇದೆ. ಆಮೇಲೆ ರೆಕನರಿಗೆ ಉಳಿಯುವುದು ಸಣ್ಣಪುಟ್ಟ ತಿದ್ದುಪಡಿ. ಅದು ಹೋದರೂ ದೊಡ್ಡ ನಷ್ಟವಿಲ್ಲ.

ಎರಡನೆಯದು ಗೇಮಿನ ಸೆಟ್ಟಿಂಗ್. ಡಿಸ್‌ಪ್ಲೇ ಎಂಬಲ್ಲಿ ಫುಲ್‌ಸ್ಕ್ರೀನ್ ಬದಲು ಬಾರ್ಡರ್‌ಲೆಸ್ ವಿಂಡೋ ಎಂದು ಆರಿಸಿದರೆ ಆಟ ನೋಡಲು ಪರದೆ ತುಂಬಿಯೇ ಇರುತ್ತದೆ, ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದೊಂದು ಕಿಟಕಿ ಅಷ್ಟೆ. ಕೌಂಟರಿನ ಪುಸ್ತಕವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಮ್ಮ ಹುಡುಗ ಮೊದಲು ಮೂತಿ ಉಬ್ಬಿಸಿದ, ಕಾರಿನ ವೇಗ ಕಡಿಮೆಯಾಗುತ್ತೆ ಅಂತ. ಹಳೆಯ ಕಂಪ್ಯೂಟರಾದರೆ ಸ್ವಲ್ಪ ವ್ಯತ್ಯಾಸ ಆದೀತು. ನಮ್ಮಲ್ಲಿ ಅವನಿಗೇ ಗೊತ್ತಾಗಲಿಲ್ಲ. ಈಚಿನ ಗೇಮುಗಳೂ ಈಚಿನ ವಿಂಡೋಸೂ ಫುಲ್‌ಸ್ಕ್ರೀನ್ ಎಂದರೂ ಒಳಗೊಳಗೆ ಬಾರ್ಡರ್‌ಲೆಸ್ ರೀತಿಯಲ್ಲೇ ನಡೆಸುವುದು ಉಂಟು, ಅಲ್ಲಿ ಈ ಉಪದ್ರವ ಕಡಿಮೆ.

ಫುಲ್‌ಸ್ಕ್ರೀನೇ ಬೇಕು ಎನ್ನುವವರಿಗೆ ಕಾವಲುಗಾರ ತಂತ್ರಾಂಶಗಳಿವೆ. ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ತಂತ್ರಾಂಶದ ಜೊತೆಗೆ ಬರುವ ಲೋಡರ್ ಒಂದು, ಕಲರ್ ಪ್ರೊಫೈಲ್ ಕೀಪರ್ ಇನ್ನೊಂದು. ಮತ್ತೆ ಮತ್ತೆ ಇಣುಕಿ ನೋಡಿ, ರೆಕನರ್ ಕಾಣೆಯಾಗಿದ್ದರೆ ತಂದಿಡುವುದೇ ಇವುಗಳ ಕೆಲಸ. ಏನೂ ಬೇಡ ಎಂದರೆ ಆಟ ಮುಗಿದ ಮೇಲೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗುವುದು. ನಮ್ಮ ಮನೆಯಲ್ಲಿ ಈಗ ಇದೇ ಕಾನೂನು. ಆಡಿದವರು ಬಾಗಿಲು ಹಾಕಿಕೊಂಡು ಹೋಗಬೇಕು.

ಇನ್ನೂ ಕೆಲವು ಕಳ್ಳದಾರಿಗಳಿವೆ. ಸಂಜೆಯಾದ ಮೇಲೆ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್, ಮಾನಿಟರಿನಲ್ಲೇ ಇರುವ ಗೇಮ್ ಮೋಡ್, ಸಿನಿಮಾ ಮೋಡ್, ತಾನಾಗಿ ಬೆಳಕು ಏರಿಳಿಸುವ ಡೈನಾಮಿಕ್ ಕಾಂಟ್ರಾಸ್ಟ್. ಬಣ್ಣದ ಕೆಲಸ ಮಾಡುವಾಗ ಇವೆಲ್ಲ ಬಂದ್. ಉಪಕರಣ ಇಲ್ಲದವರು ವಿಂಡೋಸಿನ ಹುಡುಕುವ ಜಾಗದಲ್ಲಿ ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್ ಎಂದು ಟೈಪ್ ಮಾಡಿದರೆ ಕಣ್ಣಳತೆಯಲ್ಲೇ ಮಾಡಿಸುವ ಒಂದು ವ್ಯವಸ್ಥೆ ತೆರೆದುಕೊಳ್ಳುತ್ತದೆ. ಪರದೆ ಹಾಕಿ ಅರ್ಧ ಗಂಟೆ ಕಾಯಿಸಿದ ಮೇಲೆ, ಕಿಟಕಿಯ ಬಿಸಿಲು ಪರದೆಗೆ ಬೀಳದ ಹಾಗೆ ನೋಡಿಕೊಂಡು ಮಾಡಬೇಕು.

ತುಂಬಾ ಬೆಲೆಯ ಮಾನಿಟರ್ ಇದ್ದವರಿಗೆ ಇನ್ನೊಂದು ತೊಡಕು. ಅಂಥ ಪರದೆಗಳು ಸಾಮಾನ್ಯ ಪರದೆಗಿಂತ ಕಡು ಬಣ್ಣಗಳನ್ನು ತೋರಿಸಬಲ್ಲವು. ಫೋಟೋ ತಂತ್ರಾಂಶಗಳು ಪರದೆಯ ಗುಣ ಬರೆದಿರುವ ಪ್ರೊಫೈಲ್ ಓದಿ ತಗ್ಗಿಬಗ್ಗಿ ನಡೆಯುತ್ತವೆ. ಹೆಚ್ಚಿನ ಗೇಮುಗಳು ಅದನ್ನು ಓದುವುದೇ ಇಲ್ಲ. ಹುಲ್ಲು ಗಿಳಿಹಸಿರಾಗಿ ಕಣ್ಣು ಕುಕ್ಕುತ್ತದೆ. ಮಾನಿಟರಿನಲ್ಲಿ ಎಸ್‌ಆರ್‌ಜಿಬಿ ಎಂಬ ಆಯ್ಕೆ ಇದ್ದರೆ ಆಟದ ಹೊತ್ತಿಗೆ ಅದನ್ನು ಹಾಕಿಕೊಳ್ಳಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1996ರಲ್ಲಿ ಮುಂದಿಟ್ಟ ಅಳತೆಗೋಲು ಅದು. ಇವತ್ತಿಗೂ ಸಾಮಾನ್ಯ ಪರದೆಗಳ ಲೆಕ್ಕಾಚಾರ ಅದರ ಮೇಲೇ ನಿಂತಿದೆ.

ನಮ್ಮ ಪೀಳಿಗೆಯವರಿಗೆ ಈ ಶಿಸ್ತು ಯಾವತ್ತೂ ಇರಲಿಲ್ಲ, ಒಪ್ಪಿಕೊಳ್ಳೋಣ. ಕಪ್ಪುಬಿಳುಪು ಟಿ.ವಿ.ಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಲರ್ ಟಿ.ವಿ. ಎಂದು ಸಂತೋಷಪಟ್ಟ ಮನೆಗಳಿದ್ದವು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ನಿಜವಾದ ಬಣ್ಣ ಬಂತು. ಹಣ ಕೊಟ್ಟು ತಂದದ್ದು ಕಲರ್ ಟಿ.ವಿ. ತಾನೇ, ಬಣ್ಣ ಪೂರ್ತಿ ಬರಲಿ ಎಂದು ಎಷ್ಟೋ ಮನೆಗಳಲ್ಲಿ ಕಲರ್ ಗುಂಡಿಯನ್ನು ಕೊನೆಯ ತನಕ ತಿರುಗಿಸಿ ಇಡುತ್ತಿದ್ದರು. ವಾರ್ತೆ ಓದುವವರ ಮುಖ ಟೊಮೆಟೊ ಹಣ್ಣು. ಇಂದಿನ ಮಕ್ಕಳು ಗೇಮಿನಲ್ಲಿ ಬ್ರೈಟ್‌ನೆಸ್ ಏರಿಸುವುದಕ್ಕೆ ಬೇರೆ ಕಾರಣ ಇದೆ. ಕತ್ತಲೆ ಮೂಲೆಯಲ್ಲಿ ಅಡಗಿದ ಎದುರಾಳಿ ಕಂಡುಬಿಡಲಿ ಎಂದು. ಆ ಕತ್ತಲೆಯನ್ನೂ ಯಾರೋ ಒಬ್ಬ ಕಲಾವಿದ ಕೂತು ಅಳೆದು ಬಳಿದಿರುತ್ತಾನೆ. ಅವನು ನಮ್ಮ ಊರಿನವನೇ ಆಗಿರಬಹುದು. ಧ್ರುವ ಇಂಟರ್‌ಆಕ್ಟಿವ್ ಎಂಬ ಗೇಮ್ ಕಂಪನಿ ಬೆಂಗಳೂರಿನಲ್ಲಿ 1997ರಲ್ಲೇ ಆರಂಭವಾಯಿತು. ಫೋರ್ಜಾ ಎಂಬ ಕಾರ್ ರೇಸ್ ಗೇಮುಗಳಿಗೆ ಕಲಾಕೆಲಸ ಮಾಡಿಕೊಟ್ಟ ಆ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಇದನ್ನು ಹೇಳಿದ ಮೇಲೆ ನಮ್ಮ ಹುಡುಗ ಪರದೆಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಾನೆ.

ಆದರೆ ಸರಿಯಾದ ಬಣ್ಣ ಯಾವುದು ಎಂದು ತೀರ್ಮಾನಿಸುವವರು ಯಾರು? ಮೊಮ್ಮಗನದೇ ಪ್ರಶ್ನೆ ಇದು. ಉತ್ತರಕ್ಕೆ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿನ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರ ನವೆಂಬರ್ 1ರಂದು ಹುಟ್ಟಿದ ಸಂಸ್ಥೆ. ಭಾರತೀಯ ಮಾನಕ ಬ್ಯೂರೋದ ಮುದ್ರೆ ಇರುವ ಖಾದಿ ರಾಷ್ಟ್ರಧ್ವಜ ಅಲ್ಲಿ ತಯಾರಾಗುತ್ತದೆ, ಬಟ್ಟೆ ಬರುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ. 21 ಅಡಿ ಉದ್ದ 14 ಅಡಿ ಅಗಲದ ಧ್ವಜದಿಂದ ಹಿಡಿದು ಮೇಜಿನ ಮೇಲಿಡುವ 6 ಅಂಗುಲ 4 ಅಂಗುಲದ ಧ್ವಜದವರೆಗೆ ಒಂಬತ್ತು ಅಳತೆ.

ಧ್ವಜದ ಕೇಸರಿ ಎಂದರೆ ಯಾವ ಕೇಸರಿ? ಕೇಸರಿಭಾತಿನದೋ, ಕಿತ್ತಳೆ ಸಿಪ್ಪೆಯದೋ, ಸನ್ಯಾಸಿಗಳ ಕಾವಿಯೋ? ಬಣ್ಣ ಹಾಕುವವರ ಕಣ್ಣಿಗೆ ಬಿಟ್ಟರೆ ವರ್ಷಕ್ಕೊಂದು ಕೇಸರಿ ಬಂದೀತು. ಅದಕ್ಕೇ ನಮ್ಮ ದೇಶದ ಮಾನಕಗಳಲ್ಲಿ ಮೊಟ್ಟಮೊದಲ ಸಂಖ್ಯೆ, ಐಎಸ್ 1, ಧ್ವಜಕ್ಕೆ ಸೇರಿದ್ದು. 1951ರಲ್ಲಿ ಬಂದು, 1968ರಲ್ಲಿ ಪರಿಷ್ಕಾರಗೊಂಡ ಆ ಮಾನಕದಲ್ಲಿ ಕೇಸರಿ, ಬಿಳಿ, ಹಸಿರು, ಚಕ್ರದ ಕಡುನೀಲಿ, ನಾಲ್ಕನ್ನೂ ಅಂಕಿಗಳಲ್ಲಿ ಬರೆದಿದ್ದಾರೆ. ಯಾವ ಬೆಳಕಿನಲ್ಲಿ ಅಳೆಯಬೇಕು ಎಂಬುದನ್ನೂ ಹೇಳಿದ್ದಾರೆ: ಹಗಲ ಬೆಳಕನ್ನು ಹೋಲುವ ಒಂದು ನಿಗದಿತ ಬೆಳಕು. ಡಿ.ವಿ.ಜಿ. ರಸ್ತೆಯ ಹೆಂಗಸರು ಫುಟ್‌ಪಾತಿನಲ್ಲಿ ಮಾಡುವುದನ್ನೇ ಮಾನಕದವರು ಪ್ರಯೋಗಾಲಯದಲ್ಲಿ ಮಾಡುತ್ತಾರೆ.

ಆ ಅಂಕಿಗಳು ಬಂದದ್ದು 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಒಪ್ಪಿದ ಲೆಕ್ಕದಿಂದ. ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಎಂಬ ಇಬ್ಬರು ಬೇರೆಬೇರೆಯಾಗಿ ಪ್ರಯೋಗ ಮಾಡಿದ್ದರು. ಒಂದು ಬಣ್ಣ ತೋರಿಸುವುದು, ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ಅದಕ್ಕೆ ಸರಿಹೊಂದಿಸಿ ಎನ್ನುವುದು. ರೈಟ್ ಬಳಿ 10 ಮಂದಿ, ಗಿಲ್ಡ್ ಬಳಿ 7 ಮಂದಿ, ಒಟ್ಟು 17 ಜನರ ಕಣ್ಣು. ಹುಬ್ಬಳ್ಳಿಯ ಧ್ವಜ, ನಿಮ್ಮ ಮೊಬೈಲು, ನಮ್ಮ ಹುಡುಗನ ಕಾರ್ ರೇಸು, ಎಲ್ಲದರ ಬಣ್ಣದ ಲೆಕ್ಕವೂ ಇವತ್ತಿಗೂ ಆ 17 ಜನರ ಕಣ್ಣಿನವರೆಗೆ ಹೋಗಿ ನಿಲ್ಲುತ್ತದೆ.

ನಮ್ಮ ಬೆಂಗಳೂರಿನಲ್ಲೂ ಒಬ್ಬರು ಕಣ್ಣಿನ ಬೆನ್ನು ಹತ್ತಿದ್ದರು. ಸರ್ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಹೂವಿನ ಬಣ್ಣ, ರತ್ನದ ಬಣ್ಣ, ನೋಡುವ ಕಣ್ಣು ಇವನ್ನೇ ಅಭ್ಯಾಸ ಮಾಡಿ 1968ರಲ್ಲಿ ದೃಷ್ಟಿಯ ಬಗ್ಗೆ ಒಂದು ಗ್ರಂಥ ಹೊರತಂದರು. ಆಗ ಅವರಿಗೆ ಎಂಬತ್ತರ ಹತ್ತಿರ. ನಿವೃತ್ತರು ಗಮನಿಸಬೇಕು.

ಕಣ್ಣು ಕೂಡ ತನ್ನ ರೆಕನರನ್ನು ಬದಲಿಸುತ್ತಲೇ ಇರುತ್ತದೆ. ಮಕ್ಕಳೇ, ಒಂದು ಕೆಂಪು ದಾಸವಾಳವನ್ನು ಬಿಳಿ ಗೋಡೆಯ ಮುಂದೆ ಹಿಡಿದು ಅರ್ಧ ನಿಮಿಷ ರೆಪ್ಪೆ ಮಿಟುಕಿಸದೆ ನೋಡಿ. ಹೂವು ತೆಗೆದು ಗೋಡೆಯನ್ನೇ ನೋಡಿದರೆ ಅಲ್ಲೊಂದು ಹಸಿರುನೀಲಿ ಹೂವು ತೇಲುತ್ತದೆ. ಕೆಂಪು ನೋಡಿ ನೋಡಿ ದಣಿದ ಕಣ್ಣು ಬಿಳುಪಿನಲ್ಲಿ ಕೆಂಪನ್ನು ಕಡಿಮೆ ಎಣಿಸಿದ್ದರಿಂದ ಹೀಗೆ. ನೀಲಿ ಪರದೆಯ ಮುಂದೆ ಒಂದು ಗಂಟೆ ಕೂತವರಿಗೆ ಅದೇ ಬಿಳುಪೆಂದು ಅನ್ನಿಸುವುದೂ ಇದೇ ಕಾರಣಕ್ಕೆ. ಹಾಗಾಗಿ ಪರದೆ ಸರಿ ಇದೆಯೇ ಎಂದು ಆಟ ಮುಗಿಸಿ ಎದ್ದವರನ್ನು ಕೇಳಬಾರದು. ಹೊರಗಿನಿಂದ ಬಂದವರನ್ನು ಕೇಳಬೇಕು.

ಅಜ್ಜ ಅಜ್ಜಿಯರನ್ನಂತೂ ಕೇಳಲೇಬಾರದು! ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಯಾಗುತ್ತ ಹೋಗುತ್ತದೆ, ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯವರಿಗೆ ಒಂದು ಕಣ್ಣಿನ ಪೊರೆ ತೆಗೆದ ವಾರ, ನನ್ನ ಪಂಚೆ ನೋಡಿ "ಇಷ್ಟೊಂದು ನೀಲಿ ಯಾಕೆ ಹಾಕಿದ್ದು?" ಎಂದು ಕೇಳಿದರು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ, ಅದನ್ನು ಮುಚ್ಚಿ ಇದರಲ್ಲಿ ನೋಡುತ್ತ, ಒಂದೇ ಗೋಡೆಗೆ ಎರಡು ಬಣ್ಣ ಎಂದು ಮಗುವಿನ ಹಾಗೆ ನಕ್ಕರು. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಪೊರೆ ಬಂದ ಕಾಲದಲ್ಲಿ ಬರೆದ ಚಿತ್ರಗಳು ಕೆಂಪು ಕಂದುಗಳಲ್ಲಿ ಮುಳುಗಿವೆ. 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಎಲ್ಲವೂ ಅತಿ ನೀಲಿಯಾಗಿ ಕಾಣುತ್ತದೆ ಎಂದು ಅವರೂ ಗೊಣಗಿದ್ದರು. ಪರದೆಯನ್ನು ಕಣ್ಣಳತೆಯಲ್ಲಿ ಸರಿಪಡಿಸುವ ಕೆಲಸ ಮೊಮ್ಮಕ್ಕಳದು, ಪಕ್ಕದಲ್ಲಿ ಕೂತು ಅಂಕಿ ಬರೆದುಕೊಳ್ಳುವುದು ನಮ್ಮದು.

ಒಂದು ವಿಷಯ ಮಾತ್ರ ನಮ್ಮ ಪೀಳಿಗೆಯವರು ನೆನಪು ಮಾಡಿಕೊಂಡು ಮಕ್ಕಳಿಗೆ ಹೇಳಬೇಕು. ಪರದೆ ಸರಿಯಾಗಿದ್ದೂ ಕೆಲವು ಹುಡುಗರಿಗೆ ಕೆಂಪು ಹಸಿರಿನ ವ್ಯತ್ಯಾಸ ಕಾಣುವುದಿಲ್ಲ. ಗೇಮಿನಲ್ಲಿ ನಮ್ಮ ತಂಡ ಹಸಿರು, ಎದುರು ತಂಡ ಕೆಂಪು ಎಂದಿದ್ದರೆ ಅಂಥವನು ಸುಮ್ಮನೆ ಸೋಲುತ್ತಾನೆ, ಬೈಸಿಕೊಳ್ಳುತ್ತಾನೆ. ಇಂಗ್ಲೆಂಡಿನ ಜಾನ್ ಡಾಲ್ಟನ್, ಪರಮಾಣು ಸಿದ್ಧಾಂತದ ಡಾಲ್ಟನ್ನೇ, ತನಗೂ ತನ್ನ ಅಣ್ಣನಿಗೂ ಹೀಗಿದೆ ಎಂದು 1794ರಲ್ಲಿ ಮೊದಲು ವಿವರಿಸಿದ. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು, ಸತ್ತ ಮೇಲೆ ತೆಗೆದು ನೋಡಿ ಎಂದು ಹೇಳಿಟ್ಟಿದ್ದ. 1844ರಲ್ಲಿ ತೀರಿಕೊಂಡಾಗ ನೋಡಿದರೆ ದ್ರವ ತಿಳಿಯಾಗಿತ್ತು. ಜೋಪಾನ ಮಾಡಿದ ಆ ಕಣ್ಣಿನ ತುಣುಕಿನಿಂದ ಕಾರಣ ಹೊರಟದ್ದು 1995ರಲ್ಲಿ: ಹಸಿರನ್ನು ಗುರುತಿಸುವ ವಂಶವಾಹಿಯೇ ಅವನಲ್ಲಿ ಇರಲಿಲ್ಲ.

ಇದು ಬರುವ ದಾರಿ ವಿಚಿತ್ರ. ತಂದೆಯಿಂದ ಮಗನಿಗೆ ಬರುವುದಿಲ್ಲ. ತಾತನಿಂದ ಮಗಳಿಗೆ, ಮಗಳಿಂದ ಅವಳ ಮಗನಿಗೆ ಬರುತ್ತದೆ. ಮಗಳಿಗೆ ಸಾಮಾನ್ಯವಾಗಿ ಏನೂ ತೊಂದರೆ ಕಾಣಿಸುವುದಿಲ್ಲ, ಅವಳ ಪ್ರತಿಯೊಬ್ಬ ಮಗನಿಗೂ ಬರುವ ಸಂಭವ ಅರ್ಧಕ್ಕರ್ಧ. ಆದ್ದರಿಂದ ಚಿಕ್ಕಂದಿನಲ್ಲಿ ಹಣ್ಣುಮೆಣಸಿನಕಾಯಿ, ಹಸಿಮೆಣಸಿನಕಾಯಿ ಬೇರೆ ಮಾಡಲು ಹೇಳಿದಾಗ ಪರದಾಡಿದ ತಾತಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಮಗಳ ಗಂಡುಮಕ್ಕಳನ್ನು ಒಮ್ಮೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಹುದುಗಿರುವ ಇಷಿಹಾರ ಪುಸ್ತಕ ತೋರಿಸುತ್ತಾರೆ, ಐದು ನಿಮಿಷದ ಕೆಲಸ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಆ ಚಿತ್ರ ಹುಡುಕಿ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಪರದೆಯ ಬಣ್ಣದ ಕಥೆ ಈಗ ಓದಿದಿರಲ್ಲ. ಮುದ್ರಿಸಿದ ಪುಸ್ತಕವನ್ನು ಹಗಲ ಬೆಳಕಿನಲ್ಲಿ ನೋಡಬೇಕು. ಹುಡುಗನಿಗೆ ಹಾಗೆ ಇದ್ದದ್ದು ಗೊತ್ತಾದರೆ ಗೇಮಿನ ಸೆಟ್ಟಿಂಗಿನಲ್ಲಿ ಕಲರ್ ಬ್ಲೈಂಡ್ ಮೋಡ್ ಹುಡುಕಿ ಕೊಡಿ. ಈಚಿನ ಬಹಳಷ್ಟು ಗೇಮುಗಳಲ್ಲಿ ಇದೆ, ಕೆಂಪು ಹಸಿರಿನ ಬದಲು ನೀಲಿ ಹಳದಿ ಬರುತ್ತದೆ.